ಎಡಗಡೆಯ ಮೇಲಿನ ಬುಷ್

ಫೆಬ್ರವರಿ 3, ಸೋಮವಾರ

ಗಾಡಿ ಫಿಟ್‌ನೆಸ್ ಪರೀಕ್ಷೆಯಲ್ಲಿ ನಪಾಸಾಯಿತು. ಅಧಿಕಾರಿ ಮುಂದಿನ ಆಕ್ಸಲ್‌ಗೆ ಜಾಕಿ ಕೊಡಿಸಿ, ಎಡಗಡೆಯ ಟೈರಿನ ಅಡಿಗೆ ಹಾರೆ ತೂರಿಸಿ ಒಮ್ಮೆ ಮೀಟಿದ. ಚಕ್ರ ತಲೆಯಾಡಿಸಿತು. ಬಲಗಡೆಯದೂ ಆಡಿಸಿತು, ಅಷ್ಟಲ್ಲ.

"ಕಿಂಗ್ ಪಿನ್ ಸವೆದು ಹೋಗಿದೆ ಕಣ್ರೀ. ನೀವೇ ಮೆಕ್ಯಾನಿಕ್ ಅಂತೀರಿ, ಕಾಣಲಿಲ್ವಾ?"

ಕಾಣಲಿಲ್ಲ ಎಂದೆ. ನೋಡಿರಲಿಲ್ಲ ಎನ್ನುವುದು ಹೆಚ್ಚು ಸರಿ. ಏಳು ತಿಂಗಳಿಂದ ಗಾಡಿ ನನ್ನ ಗ್ಯಾರೇಜಿನ ಹಿಂದಿನ ಅಂಗಳದಲ್ಲಿ ನಿಂತಿದೆ. ನಿಂತ ಗಾಡಿಯ ಅಡಿಗೆ ಯಾರೂ ತೂರುವುದಿಲ್ಲ.

ಈ ಪುಸ್ತಕ ಕೆಲಸದ್ದು. ಯಾವ ಗಾಡಿಗೆ ಯಾವ ಅಳತೆಯ ಸಾಮಾನು ಹಾಕಿದೆ ಎಂದು ಗುರುತಿಗೆ ಬರೆದುಕೊಳ್ಳುವುದು. ಈ ತಿಂಗಳು ಕೈಯಲ್ಲಿರುವುದು ಒಂದೇ ಗಾಡಿ. ಹಾಳೆಗಳಲ್ಲಿ ಜಾಗ ಉಳಿಯುತ್ತದೆ.

ಲಾರಿ ಅಣ್ಣನದು. ಹತ್ತೊಂಬತ್ತು ವರ್ಷ ಅವನೇ ಓಡಿಸಿದ್ದು. ಇಟ್ಟಿಗೆ ಗೂಡಿನ ಯಜಮಾನ ಕೊಳ್ಳಲು ಒಪ್ಪಿದ್ದಾನೆ, ಮಾರ್ಚ್ ಒಂದನೇ ತಾರೀಕು ಬಂದು ಒಯ್ಯುತ್ತಾನೆ. ಅಷ್ಟರಲ್ಲಿ ಗಾಡಿ ಪಾಸಾಗಿರಬೇಕು ಎಂಬುದೊಂದೇ ಅವನ ಶರತ್ತು.

ಮನೆಗೆ ಬಂದು ವಿಷಯ ಹೇಳಿದಾಗ ಅಣ್ಣ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ. "ಹೂಂ" ಎಂದ, ಪಕ್ಕದ ಮನೆಯವರ ಗಾಡಿಯ ಸುದ್ದಿ ಕೇಳಿದವನ ಹಾಗೆ. ಐವತ್ತೆಂಟಕ್ಕೇ ಮುದುಕರ ಕುರ್ಚಿ ಹಿಡಿದುಬಿಟ್ಟಿದ್ದಾನೆ. ನನಗೆ ಅವನ ಮೇಲೆ ಸಿಟ್ಟಿಲ್ಲ. ಸ್ವಲ್ಪ ಬೇಸರ, ಅಷ್ಟೆ.

ಫೆಬ್ರವರಿ 4, ಮಂಗಳವಾರ

ಅಣ್ಣ ಅತ್ತಿಗೆಯ ಮನೆಯ ಮಹಡಿ ಕೋಣೆ ನನ್ನದು. ಊಟ ಕಾಫಿ ಕೆಳಗೆ. ನಾನು ಮದುವೆಯಾಗದೆ ಉಳಿದದ್ದರಿಂದ ಇಪ್ಪತ್ತು ವರ್ಷವಾಯಿತು ಹೀಗೆ. ಬೆಳಿಗ್ಗೆ ಇಳಿದು ಬಂದಾಗ ಅಣ್ಣ ಜೇನಿನ ಬಾಟಲಿಯನ್ನು ಮೇಜಿನ ಮೇಲೆ ನನ್ನ ಕಡೆ ನೂಕಿದ. ಬಿಸಿನೀರಿಗೆ ಒಂದು ಚಮಚ ಜೇನು ಹಾಕಿ ಕುಡಿಯುವುದು ಅವನ ಅಭ್ಯಾಸ. ಜೇನು ಅಂಟಿ ಮುಚ್ಚಳ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಒಂದೇ ಸಲಕ್ಕೆ ತಿರುಗಿಸಿ ಕೊಟ್ಟೆ. ಈಗೀಗ ಅವನು ಪ್ರಯತ್ನ ಕೂಡ ಮಾಡುವುದಿಲ್ಲ. ಒಬ್ಬನೇ ನಿಂತು ಲಾರಿಯ ಟೈರು ಬದಲಾಯಿಸುತ್ತಿದ್ದ ಮನುಷ್ಯ.

ಕಳೆದ ಜುಲೈಯಲ್ಲಿ ಆದದ್ದು ಇಷ್ಟು. ಗೋದಾಮಿನ ಗೇಟು, ಅವನು ಸಾವಿರ ಸಲ ತಿರುಗಿದ ತಿರುವು. ಆ ದಿನ ಸ್ಟೀರಿಂಗ್ ಬೇಕಾದಷ್ಟು ಬರಲಿಲ್ಲ. ಗಾಡಿ ಕಂಬಕ್ಕೆ ತಾಗಿತು, ಕಂಬದ ಪಕ್ಕದಲ್ಲಿದ್ದ ಕಾವಲುಗಾರನ ಸ್ಟೂಲು ಚಕ್ರದಡಿ ಸಿಕ್ಕಿ ಚಕ್ಕೆಯಾಯಿತು. ಕಾವಲುಗಾರ ಆಗಷ್ಟೇ ನೀರು ಕುಡಿಯಲು ಎದ್ದು ಹೋಗಿದ್ದ. ಅಣ್ಣ ಗಾಡಿಯನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿ ಮನೆಗೆ ಬಂದು, ಕೀಲಿಕೈಯನ್ನು ಗೋಡೆಯ ಮೊಳೆಗೆ ಹಾಕಿದ. "ನನ್ನ ಕೈ ಹೋಯ್ತು ಕಣೋ. ಇನ್ನು ಓಡಿಸಿದ್ರೆ ಯಾರನ್ನಾದ್ರೂ ಕೊಲ್ತೀನಿ" ಎಂದ. ಮಾರನೆಯ ದಿನ ಹೊಸ ಸ್ಟೂಲು ಕೊಂಡು ಕಾವಲುಗಾರನಿಗೆ ಕೊಟ್ಟು ಬಂದ. ಅವನು ಮನೆಯಿಂದ ದೂರ ಹೋದದ್ದು ಅದೇ ಕೊನೆ.

ಡಾಕ್ಟರು ನರ ನೋಡಿದರು, ರಕ್ತ ನೋಡಿದರು. ಏನೂ ಸಿಗಲಿಲ್ಲ. ವಯಸ್ಸು ಎಂದು ಹೇಳಿ, ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟು ಕಳಿಸಿದರು.

ಫೆಬ್ರವರಿ 5, ಬುಧವಾರ

ಗಾಡಿಯ ಮುಂಭಾಗ ಎತ್ತಿ ಮರದ ದಿಮ್ಮಿಗಳ ಮೇಲೆ ಕೂರಿಸಿದೆ. ಬಲಗಡೆ ಮೊದಲು. ಚಕ್ರ, ಹಬ್, ಡ್ರಮ್ ಬಿಚ್ಚಿ, ಲಾಕ್ ಪಿನ್ ಹೊಡೆದು ತೆಗೆದು, ಕಿಂಗ್ ಪಿನ್ನಿಗೆ ಎರಡು ಏಟು. ಮೂರನೆಯ ಏಟಿಗೆ ಕೆಳಗೆ ಬಂತು. ಗ್ರೀಸು ಕಪ್ಪಾಗಿತ್ತು, ಆದರೂ ಇತ್ತು. ನ್ಯಾಯವಾಗಿ ಸವೆದ ಪಿನ್ನು.

ಊಟಕ್ಕೆ ಕೂತಾಗ ಅತ್ತಿಗೆ ಕೇಳಿದರು. "ಕಿಂಗ್ ಅಂದ್ರೆ ರಾಜ ಅಲ್ವಾ? ಅದರ ಕೆಲಸ ಏನು?"

"ನಿಂತಲ್ಲೇ ನಿಂತಿರೋದು ಅತ್ತಿಗೆ. ಬಾಗಿಲು ಕೀಲಿನ ಮೇಲೆ ತಿರುಗಲ್ವಾ, ಹಾಗೆ ಚಕ್ರ ಅದರ ಸುತ್ತ ತಿರುಗುತ್ತೆ. ಸ್ಟೀರಿಂಗ್ ಎಷ್ಟು ತಿರುಗಿಸಿದ್ರೂ ಅದು ಮಾತ್ರ ಅಲ್ಲಾಡಲ್ಲ."

"ಹಾಗಾದ್ರೆ ನಮ್ಮನೇಲೂ ಒಬ್ರಿದಾರೆ ಬಿಡು," ಎಂದು ಅತ್ತಿಗೆ ಕಿಟಕಿಯ ಕುರ್ಚಿಯ ಕಡೆ ನೋಡಿದರು.

ಅಣ್ಣ ನಗಲಿಲ್ಲ. ಮೊದಲಾಗಿದ್ದರೆ ಈ ಮಾತಿಗೆ ನಾಲ್ಕು ಮಾತು ತಿರುಗಿಸಿ ಹೊಡೆಯುತ್ತಿದ್ದ.

ಫೆಬ್ರವರಿ 6, ಗುರುವಾರ

ಎಡಗಡೆಯದು ಬರಲಿಲ್ಲ. ದೊಡ್ಡ ಸುತ್ತಿಗೆಯಲ್ಲಿ ಐವತ್ತು ಏಟು ಎಣಿಸಿದೆ. ಸೀಮೆಎಣ್ಣೆ ಬಿಟ್ಟೆ. ಮಧ್ಯಾಹ್ನ ಪಕ್ಕದ ಲೇತ್ ಅಂಗಡಿಯವನನ್ನು ಗ್ಯಾಸ್ ಟಾರ್ಚಿನ ಸಮೇತ ಕರೆತಂದೆ. ಎಲ್ಲರೂ ಅವನನ್ನು ಪಾಯಿಂಟು ಎನ್ನುತ್ತಾರೆ. ಯಾವ ಕೆಲಸ ನೋಡಿದರೂ ಲೇತಿನ ಅಳತೆಯಲ್ಲಿ "ಎರಡು ಪಾಯಿಂಟ್ ಜಾಸ್ತಿ ಆಯ್ತು" ಎನ್ನುವುದು ಅವನ ಚಾಳಿ. ಅವನ ಹೆಂಡತಿ ಹೆತ್ತಾಗ ಮಗುವಿನ ತೂಕಕ್ಕೂ ಹಾಗೇ ಅಂದನಂತೆ.

"ಏನ್ ಗುರುವೇ, ಪಿನ್ನಿಗೂ ಆಕ್ಸಲ್‌ಗೂ ಮದುವೆ ಮಾಡಿಸಿಬಿಟ್ಟಿದೀಯಾ?"

"ಬಿಡಿಸೋಕೆ ಬಾ ಅಂದ್ರೆ ನಿಂತು ಮಾತಾಡ್ತೀಯಲ್ಲ."

"ಗಂಡ ಹೆಂಡ್ತಿ ನಡುವೆ ನನ್ನನ್ಯಾಕೆ ಎಳೀತೀಯ," ಎನ್ನುತ್ತ ಟಾರ್ಚು ಹೊತ್ತಿಸಿದ.

ಆಕ್ಸಲ್ಲಿನ ತುದಿ ಕೆಂಪಾಗುವವರೆಗೆ ಕಾಯಿಸಿದರೂ ಒಂದು ಕೂದಲಿನಷ್ಟೂ ಸರಿಯಲಿಲ್ಲ. ಎರಡು ವರ್ಷದ ಹಿಂದೆ ಹೊಸದಾಗಿ ಹಾಕಿದ ಪಿನ್ನು ಹೀಗೆ ಹಿಡಿಯಬಾರದು. ನಾನೇ ಹಾಕಿದ್ದು.

ಫೆಬ್ರವರಿ 7, ಶುಕ್ರವಾರ

ಪಿನ್ನು ಬಂತು. ಚಕ್ರವನ್ನು ಹೊರುವ ತುಂಡು, ಎಡಗಡೆಯ ಸ್ಟಬ್ ಆಕ್ಸಲ್, ಕೆಳಗಿಳಿಸಿದೆ.

ಊಟ ಸೇರಲಿಲ್ಲ. ತಲೆನೋವು.

ಫೆಬ್ರವರಿ 9, ಭಾನುವಾರ

ಬರೆದಿಡುವುದು ಒಳ್ಳೆಯದು. ಇದು ಕೆಲಸದ ಪುಸ್ತಕ, ಆದದ್ದೂ ಕೆಲಸದಲ್ಲೇ.

ಎಡಗಡೆಯ ಪಿನ್ನಿನ ಕೆಳಭಾಗ ಹೊಳೆಯುತ್ತಿತ್ತು. ಮೇಲಿನ ಅರ್ಧ ನೀಲಿ ತಿರುಗಿ, ಉಗುರಿನಿಂದ ಕೆರೆದ ಹಾಗೆ ಗೀರುಬಿದ್ದು, ತುಕ್ಕು ಹಿಡಿದಿತ್ತು. ಅಲ್ಲಿಗೆ ಗ್ರೀಸು ಎಂದೂ ತಲುಪಿಲ್ಲ. ಸ್ಟಬ್ ಆಕ್ಸಲ್ಲಿನ ಹೊರಮೈಯಲ್ಲಿ ಗ್ರೀಸು ತುಂಬುವ ನಿಪ್ಪಲ್ ಇದೆ, ಅದರ ಹಿಂದೆ ರಂಧ್ರ. ಒಳಗೆ ಪಿನ್ನಿನ ಸುತ್ತ ಕೂರಿಸುವ ಹಿತ್ತಾಳೆಯ ಬಳೆ, ಅಂದರೆ ಬುಷ್‌ಗೂ ಒಂದು ರಂಧ್ರ. ಎರಡೂ ಎದುರುಬದುರಾಗಬೇಕು. ಆಗ ಗ್ರೀಸು ಒಳಗೆ ಹೋಗುತ್ತದೆ. ನಿಪ್ಪಲ್ ಬಿಚ್ಚಿ ತಂತಿ ತೂರಿಸಿದೆ. ತಂತಿ ಅರ್ಧ ಬೆರಳಿನಷ್ಟು ಹೋಗಿ ನಿಂತಿತು. ಬುಷ್‌ನ ರಂಧ್ರ ಪಕ್ಕಕ್ಕೆ ತಿರುಗಿತ್ತು. ನಿಪ್ಪಲ್ಲಿನ ಹಿಂದೆ ಇದ್ದದ್ದು ಬರೀ ಗೋಡೆ.

ಬುಷ್ ತಾನಾಗಿ ತಿರುಗುವುದಿಲ್ಲ. ಹಾಕಿದವನು ತಿರುಗಿಸಿ ಹಾಕಿದರೆ ಮಾತ್ರ ಹಾಗಿರುತ್ತದೆ.

ಅಂದರೆ ಸ್ಟೀರಿಂಗು ಎರಡು ವರ್ಷದಿಂದ ಮೆಲ್ಲಮೆಲ್ಲನೆ ಬಿಗಿಯಾಗುತ್ತ ಬಂದಿದೆ, ಅವನು ದಿನವೂ ಅದರ ಜೊತೆ ಗುದ್ದಾಡಿದ್ದಾನೆ. ದಿನಕ್ಕೊಂದು ಕೂದಲೆಳೆಯಷ್ಟು ಭಾರವಾದರೆ ಯಾರಿಗೂ ಗಾಡಿ ಭಾರವಾಯಿತು ಎಂದು ಅನ್ನಿಸುವುದಿಲ್ಲ. ತಾನು ಸೋತೆ ಎಂದು ಅನ್ನಿಸುತ್ತದೆ.

ಜುಲೈಯಲ್ಲಿ ಗೋದಾಮಿನಿಂದ ಗಾಡಿ ತಂದವನು ನಾನು. ಮೊನ್ನೆ ಪರೀಕ್ಷೆಗೆ ಒಯ್ದವನೂ ನಾನೇ. ಸ್ಟೀರಿಂಗ್ ನನಗೂ ಭಾರವಿತ್ತು. ನನಗೆ ದೊಡ್ಡ ಗಾಡಿ ಓಡಿಸುವ ಅಭ್ಯಾಸ ಕಡಿಮೆ, ಅದಕ್ಕೇ ಎಂದುಕೊಂಡೆ. ಅವನು ತನ್ನ ಕೈಯನ್ನು ಅನುಮಾನಿಸಿದ, ನಾನು ನನ್ನ ಅಭ್ಯಾಸವನ್ನು. ಗಾಡಿಯನ್ನು ಇಬ್ಬರೂ ಅನುಮಾನಿಸಲಿಲ್ಲ. ಅದನ್ನು ರಿಪೇರಿ ಮಾಡಿದವನು ನಾನಲ್ಲವೆ.

ಅವನ ಕೈಗೆ ಏನೂ ಆಗಿಲ್ಲ. ಇದನ್ನು ಅವನಿಗೆ ಹೇಳಬೇಕು.

ಫೆಬ್ರವರಿ 10, ಸೋಮವಾರ

ಹಳೆಯ ಬುಷ್‌ಗಳನ್ನು ಪಾಯಿಂಟಿನ ಪ್ರೆಸ್ಸಿನಲ್ಲಿ ಒತ್ತಿ ಹೊರತೆಗೆಸಿದೆ. ಮೂರು ಬಂದವು. ನಾಲ್ಕನೆಯದು, ಎಡಗಡೆಯ ಮೇಲಿನದು, ಹೊರಬಿದ್ದಾಗ ಅವನು ಎತ್ತಿ ಬೆಳಕಿಗೆ ಹಿಡಿದ.

"ಲೋ, ಇದರ ತೂತು ನೋಡೋ. ಒಂದು ಹನಿ ಗ್ರೀಸ್ ಕಂಡಿಲ್ಲ. ಯಾವನು ಹಾಕಿದ್ದು ಇದನ್ನ?"

"ಯಾರೋ."

"ಕುಡ್ಕೊಂಡು ಹಾಕಿದಾನೆ ನನ್ಮಗ. ಎರಡು ಪಾಯಿಂಟಲ್ಲ, ಕಾಲು ಸುತ್ತು ತಪ್ಪಿಸಿದಾನೆ. ನಿಮ್ಮಣ್ಣ ಇದನ್ನಿಟ್ಕೊಂಡು ಗಾಡಿ ಹೇಗೆ ತಿರುಗಿಸ್ತಿದ್ದ ಮಾರಾಯ? ಕೈಯಾ ಕಬ್ಬಿಣನಾ?"

ಬುಷ್ ಇಸಿದುಕೊಂಡು ಜೇಬಿಗೆ ಹಾಕಿದೆ. ಕುಡಿದಿರಲಿಲ್ಲ. ನಗುತ್ತಿದ್ದೆ.

ಫೆಬ್ರವರಿ 11, ಮಂಗಳವಾರ

ಆ ಬುಷ್ ಹಾಕಿದ ದಿನ ಚೆನ್ನಾಗಿ ನೆನಪಿದೆ. ಮಾರನೆ ಬೆಳಿಗ್ಗೆ ಲೋಡು ಇತ್ತು, ಸಂಜೆಯೊಳಗೆ ಗಾಡಿ ಬೇಕು ಎಂದು ಅಣ್ಣ ನನ್ನ ತಲೆಯ ಮೇಲೇ ನಿಂತಿದ್ದ. ನಿಂತವನು ಸುಮ್ಮನಿರಬೇಕಲ್ಲ. ಹಿಂದಿನ ವಾರ ಕನ್ನಡಿಗಳ ಲೋಡು ಒಯ್ದಿದ್ದನಂತೆ.

"ಚೆಕ್‌ಪೋಸ್ಟಲ್ಲಿ ಒಬ್ಬ ಹೊಸಬ. 'ಲೋಡು ಏನಯ್ಯಾ?' ಅಂದ. 'ನೀವೇ ನೋಡಿ ಸ್ವಾಮಿ' ಅಂದೆ. ಟಾರ್ಪಾಲು ಎತ್ತಿದ. ನಲವತ್ತು ಕನ್ನಡಿ, ನಲವತ್ತು ಟೋಪಿ, ನಲವತ್ತು ಮೀಸೆ. ಟಾರ್ಪಾಲು ಬಿಟ್ಟು ಇಳಿದು ಬಂದು ಏನಂದ ಗೊತ್ತಾ? 'ಸರಕು ಗಾಡೀಲಿ ಇಷ್ಟು ಜನರನ್ನ ತುಂಬೋ ಹಾಗಿಲ್ಲ, ಗೊತ್ತಿಲ್ವಾ ನಿನಗೆ?'"

ನಾನು ನಗುತ್ತಲೇ ಪ್ರೆಸ್ಸಿನ ಹಿಡಿಕೆ ಒತ್ತಿದೆ. ಬುಷ್ ಒಳಗೆ ಜಾರಿತು. ಕೂರಿಸಿದ ಮೇಲೆ ತಂತಿ ತೂರಿಸಿ ನೋಡುವುದು ನನ್ನ ಕ್ರಮ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಬೆರಳಿನ ಗೆಣ್ಣಿಗೆ ಹೊಡೆದು ಕಲಿಸಿದ್ದು. ಮೂವತ್ತು ವರ್ಷದಲ್ಲಿ ತಪ್ಪಿಸಿಲ್ಲ. ಆ ಒಂದಕ್ಕೆ ತೂರಿಸಲಿಲ್ಲ. ಅಣ್ಣ ಚೆಕ್‌ಪೋಸ್ಟಿನವನ ಮೀಸೆಯನ್ನು ಮಾಡಿ ತೋರಿಸುತ್ತಿದ್ದ.

ಕಥೆ ಪೂರ್ತಿ ಸುಳ್ಳಿರಬೇಕು. ಅವನು ದಾರಿಯಲ್ಲಿ ಒಬ್ಬನೇ ಕೂತು ಇಂಥವನ್ನು ಕಟ್ಟುತ್ತಿದ್ದ, ಬಂದು ನನ್ನ ಮೇಲೆ ಪ್ರಯೋಗಿಸುತ್ತಿದ್ದ. ಕುರ್ಚಿ ಹಿಡಿದ ಮೇಲೆ ಒಂದೂ ಹುಟ್ಟಿಲ್ಲ.

ಫೆಬ್ರವರಿ 13, ಗುರುವಾರ

ಇನ್ನೊಂದು ಇದೆ. ಇದನ್ನು ಬರೆಯದೆ ಬಿಡಬಹುದಿತ್ತು.

ಬುಷ್ ಹಾಕಿ ಎರಡು ಮೂರು ತಿಂಗಳಾಗಿರಬೇಕು. ಅಣ್ಣ ಗ್ರೀಸ್ ಗನ್ ಹಿಡಿದುಕೊಂಡು ಬಂದ. ವಾರಕ್ಕೊಮ್ಮೆ ಗಾಡಿಗೆ ತಾನೇ ಗ್ರೀಸು ಹೊಡೆಯುತ್ತಿದ್ದ, ಬೇರೆಯವರಿಗೆ ಕೊಡುತ್ತಿರಲಿಲ್ಲ.

"ಎಡಗಡೆ ಮೇಲಿಂದು ಗ್ರೀಸ್ ತಗೊಳ್ತಾ ಇಲ್ಲ ಕಣೋ. ಒತ್ತಿದ್ರೆ ಪಕ್ಕದಿಂದ ಉಕ್ಕುತ್ತೆ."

ನಾನು ಇನ್ನೊಂದು ಗಾಡಿಯ ಅಡಿ ಮಲಗಿದ್ದೆ. ಎದ್ದು ಬಂದು ನೋಡಿದ್ದರೆ ಐದು ನಿಮಿಷ. ಮಲಗಿದಲ್ಲಿಂದಲೇ ಹೇಳಿದೆ:

"ಗಟ್ಟಿಯಾಗಿ ಒತ್ತು. ಕೈಯಲ್ಲಿ ಶಕ್ತಿ ಇಲ್ವಾ ನಿನಗೆ? ವಯಸ್ಸಾಯ್ತು ಬಿಡಣ್ಣ."

ತಮಾಷೆಗೆ ಅಂದದ್ದು. ಅವನೂ ನಕ್ಕ. ಆಮೇಲೆ ಗ್ರೀಸಿನ ಬಗ್ಗೆ ಮತ್ತೆ ಕೇಳಲಿಲ್ಲ.

ಇವತ್ತು ಊಟಕ್ಕೆ ಕೂತಾಗ ಅವನ ಕೈಗಳನ್ನೇ ನೋಡುತ್ತಿದ್ದೆ. ತೆಳ್ಳಗಾಗಿವೆ. ಏಳು ತಿಂಗಳು ಕೆಲಸ ಮಾಡದ ಕೈ ಯಾರದಾದರೂ ತೆಳ್ಳಗಾಗುತ್ತದೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದ. ಅದು ಖಾಲಿಯಾಗುತ್ತಿದ್ದ ಹಾಗೆ ನಾನು ನೀರು ತುಂಬಿಸಿದೆ. ಅತ್ತಿಗೆ ನನ್ನ ಮುಖ ನೋಡಿದರು.

ಫೆಬ್ರವರಿ 15, ಶನಿವಾರ

ಹೊಸ ಬುಷ್‌ಗಳು ಕೂತವು. ಒಂದೊಂದಕ್ಕೂ ಸೀಮೆಸುಣ್ಣದ ಗೆರೆ ಎಳೆದು, ಒತ್ತಿ, ತಂತಿ ತೂರಿಸಿದೆ. ತೂರಿತು. ತೆಗೆದು ಮತ್ತೆ ತೂರಿಸಿದೆ. ರೀಮರ್ ಹಾಕಿ ಒಳಮೈ ಕೆರೆದು ಹದಕ್ಕೆ ತಂದ ಮೇಲೆ ಮತ್ತೊಮ್ಮೆ. ಎಡಗಡೆಯ ಮೇಲಿನದಕ್ಕೆ ಪಾಯಿಂಟನ್ನು ಕರೆದು ಅವನ ಕೈಯಲ್ಲೂ ತೂರಿಸಿದೆ.

"ಏನಾಗಿದೆ ನಿನಗೆ? ಮೂವತ್ತು ವರ್ಷದ ಮೇಸ್ತ್ರಿ, ಸೂಜಿಗೆ ದಾರ ಪೋಣಿಸೋ ಅಜ್ಜಿ ಥರ ಆಡ್ತೀಯ" ಎಂದ.

ರೀಮರ್ ತಿರುಗಿಸುವಾಗ ಕೈ ಸ್ವಲ್ಪ ನಡುಗಿತು. ಬೆಳಗಿನ ಚಳಿಗೆ ಇರಬೇಕು.

ಫೆಬ್ರವರಿ 16, ಭಾನುವಾರ

ಮಧ್ಯಾಹ್ನ ಅಣ್ಣ ಕಿಟಕಿಯ ಬಳಿ ಚೆಂಡು ಹಿಸುಕುತ್ತಿದ್ದ. ಬಾಯಲ್ಲಿ ಎಣಿಕೆ. ಹದಿನೈದಕ್ಕೆ ನಿಲ್ಲಿಸಿ ಚೆಂಡನ್ನು ಮಡಿಲಲ್ಲಿ ಇಟ್ಟುಕೊಂಡ.

"ಇಪ್ಪತ್ತು ಮಾಡಕ್ಕೆ ಹೇಳಿದಾರೆ ಡಾಕ್ಟರು," ಎಂದರು ಅತ್ತಿಗೆ ಅಡುಗೆಮನೆಯಿಂದ.

"ಡಾಕ್ಟರು ಲಾರಿ ಓಡಿಸ್ತಾರಾ?"

"ನೀವು ಓಡಿಸ್ತೀರಾ?"

ಅತ್ತಿಗೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು, ಅವನ ಮಡಿಲಲ್ಲಿದ್ದ ಚೆಂಡನ್ನು ನೋಡಿ ಒಳಗೆ ಹೋದರು.

ಆಗಲೇ ಹೇಳಬೇಕಿತ್ತು. ಜೇಬಿನಲ್ಲಿ ಬುಷ್ ಇತ್ತು. ಆದರೆ ಕೆಟ್ಟ ಸುದ್ದಿಯೊಂದನ್ನೇ ಒಯ್ದು ಅವನ ಮಡಿಲಿಗೆ ಹಾಕುವುದಕ್ಕಿಂತ, ಗಾಡಿ ಸರಿ ಮಾಡಿ ಅವನನ್ನು ಸೀಟಿನಲ್ಲಿ ಕೂರಿಸಿ ಹೇಳಿದರೆ ವಾಸಿ. ಸ್ಟೀರಿಂಗ್ ತಾನೇ ಅರ್ಧ ಹೇಳುತ್ತದೆ. ಇಟ್ಟಿಗೆ ಯಜಮಾನನಿಗೆ ಬೇಡವೆಂದು ಹೇಳಿದರಾಯಿತು. ಅಣ್ಣ ಮತ್ತೆ ರಸ್ತೆಗೆ ಇಳಿಯುತ್ತಾನೆ.

ಇನ್ನೆರಡು ದಿನ. ಹೀಗೆ ನಿಶ್ಚಯಿಸಿದ ಮೇಲೆ ಊಟ ಸೇರಿತು.

ಫೆಬ್ರವರಿ 18, ಮಂಗಳವಾರ

ಮುಗಿಯಿತು. ಪಿನ್ನು, ಥ್ರಸ್ಟ್ ಬೇರಿಂಗ್, ಶಿಮ್, ಹಬ್, ಚಕ್ರ. ನಾಲ್ಕೂ ನಿಪ್ಪಲ್‌ಗಳಿಗೆ ಗ್ರೀಸು ಹೊಡೆದೆ. ನಾಲ್ಕರಲ್ಲೂ ಹೊಸ ಗ್ರೀಸು ಅಂಚಿನಿಂದ ಇಣುಕಿತು. ದಿಮ್ಮಿ ತೆಗೆದು ಗಾಡಿಯನ್ನು ನೆಲಕ್ಕೆ ಇಳಿಸಿದೆ.

ಮನೆಗೆ ಹೋಗಿ, "ಸ್ಟೀರಿಂಗ್ ತಿರುಗಿಸೋಕೆ ಒಬ್ಬರು ಬೇಕು ಅಣ್ಣ, ನಾನು ಕೆಳಗೆ ಮಲಗಿ ನೋಡಬೇಕು" ಎಂದೆ. "ಪಾಯಿಂಟನ್ನ ಕರಿ" ಎಂದ. "ಅವನಿಲ್ಲ" ಎಂದೆ. ಇದ್ದ.

ಅಣ್ಣ ಚಪ್ಪಲಿ ಹಾಕಿಕೊಂಡು ನಿಧಾನವಾಗಿ ಬಂದ. ಏಳು ತಿಂಗಳ ಮೇಲೆ ಅಂಗಳಕ್ಕೆ ಬಂದದ್ದು. ಕ್ಯಾಬಿನ್ನಿಗೆ ಹತ್ತುವಾಗ ಮಾತ್ರ ಕಾಲು ತಡಕಾಡಲಿಲ್ಲ, ಮೆಟ್ಟಿಲು ಅದಕ್ಕೆ ಗೊತ್ತಿತ್ತು. ಸ್ಟೀರಿಂಗಿಗೆ ಅವನೇ ಸುತ್ತಿದ ಬಟ್ಟೆ ಹಾಗೇ ಇತ್ತು. ನಾನು ಆಕ್ಸಲ್ಲಿನ ಅಡಿ ಮಲಗಿದೆ.

"ತಿರುಗಿಸು."

ಚಕ್ರ ಎಡಕ್ಕೆ ಪೂರ್ತಿ ಹೋಯಿತು. ಬಲಕ್ಕೆ ಪೂರ್ತಿ ಬಂತು. ಮತ್ತೆ ಎಡಕ್ಕೆ, ನಾನು ಹೇಳದೆಯೇ. ಆಮೇಲೆ ನಿಂತಿತು.

"ಏನು ಮಾಡ್ದೆ ಇದಕ್ಕೆ?" ಮೇಲಿನಿಂದ ಧ್ವನಿ ಮಾತ್ರ ಬಂತು.

"ಹೊಸ ಪಿನ್ನು ಹಾಕಿದೆ."

"ಎರಡು ವರ್ಷದ ಹಿಂದೇನೂ ಹಾಕಿದ್ದೆಯಲ್ಲ."

ನಾನು ಮಲಗಿದಲ್ಲೇ ಹೇಳಿದೆ. ಅವನ ಮುಖ ಕಾಣುವಂತಿದ್ದರೆ ಹೇಳುತ್ತಿದ್ದೆನೋ ಇಲ್ಲವೋ. ಬುಷ್‌ನ ರಂಧ್ರ, ತೂರಿಸದ ತಂತಿ, ಕನ್ನಡಿಯ ಕಥೆ, ಗ್ರೀಸ್ ಗನ್ ಹಿಡಿದು ಬಂದಾಗ ನಾನು ಆಡಿದ ಮಾತು, ಎಲ್ಲ. ಆಕ್ಸಲ್ಲಿಗೆ ಹೇಳಿದ ಹಾಗೆ ಹೇಳಿದೆ. ಕೊನೆಗೆ, "ನಿನ್ನ ಕೈಗೆ ಏನೂ ಆಗಿರಲಿಲ್ಲ ಅಣ್ಣ. ತಪ್ಪು ನಂದು" ಎಂದೆ.

ಆಮೇಲೆ ಅವನು ಕೇಳಿದ:

"ಹಾಗಾದ್ರೆ ಆ ಸ್ಟೂಲು ನಾನು ಮುರಿದದ್ದಲ್ಲ?"

"ಅಲ್ಲ."

"ದಿನಾ ಕಣ್ಣು ಮುಚ್ಚಿದ್ರೆ ಅದರ ಮೇಲೆ ಆ ಕಾವಲುಗಾರ ಕೂತಿರ್ತಿದ್ದ. ನಿನಗೆ ಯಾವಾಗ ಗೊತ್ತಾಯ್ತು?"

"ಏಳನೇ ತಾರೀಕು."

ಎಣಿಸುತ್ತಿದ್ದಾನೆ ಎಂದು ಗೊತ್ತಾಯಿತು, ಚೆಂಡು ಹಿಸುಕುವಾಗ ಎಣಿಸುವ ಹಾಗೆ.

"ಹನ್ನೊಂದು ದಿನ," ಎಂದ. "ಎರಡು ವರ್ಷದ್ದು ಬಿಡು, ಅದು ಕೈತಪ್ಪು. ಯಾರಿಗೂ ಆಗುತ್ತೆ. ಹನ್ನೊಂದು ದಿನ ನನ್ನ ಎದುರಿಗೆ ಕೂತು ಉಂಡೆಯಲ್ಲೋ. ನಾನು ಆ ಚೆಂಡು ಹಿಸುಕ್ತಾ ಇದ್ದೆ. ನೋಡ್ತಾ ಇದ್ದೆಯಲ್ಲೋ."

ಗಾಡಿ ಸರಿಯಾದ ಮೇಲೆ ಹೇಳೋಣ ಎಂದು, ಎಂದೇನೋ ಶುರುಮಾಡಿದೆ. ಕ್ಯಾಬಿನ್ನಿನ ಬಾಗಿಲು ತೆರೆದುಕೊಂಡಿತು. ಚಕ್ರದ ಪಕ್ಕದಲ್ಲಿ ಅವನ ಎರಡು ಪಾದಗಳು ಇಳಿದವು, ಒಂದು ಕ್ಷಣ ನಿಂತವು, ಗೇಟಿನ ಕಡೆ ಹೋದವು. ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಮಲಗಿದ್ದೆ. ಮೇಲೆ ಎಲ್ಲ ಸರಿಯಾಗಿ ಕೂತಿತ್ತು. ಎಲ್ಲೂ ಸೋರುತ್ತಿರಲಿಲ್ಲ.

ಫೆಬ್ರವರಿ 19, ಬುಧವಾರ

ಅಣ್ಣ ಊಟಕ್ಕೆ ಬರಲಿಲ್ಲ. ಅತ್ತಿಗೆ ತಟ್ಟೆಯನ್ನು ಕೋಣೆಗೇ ಒಯ್ದರು.

ಫೆಬ್ರವರಿ 20, ಗುರುವಾರ

ಗಾಡಿ ಪಾಸಾಯಿತು. ಅದೇ ಅಧಿಕಾರಿ ಅದೇ ಹಾರೆಯಿಂದ ಮೀಟಿದ. ಚಕ್ರ ಅಲುಗಲಿಲ್ಲ. "ಅಚ್ಚುಕಟ್ಟು ಕೆಲಸ" ಎಂದ.

ಫೆಬ್ರವರಿ 23, ಭಾನುವಾರ

ಬೆಳಿಗ್ಗೆ ಎಂಟಕ್ಕೆ ಗ್ಯಾರೇಜಿನಲ್ಲಿ ಸ್ಪ್ಯಾನರುಗಳನ್ನು ಒರೆಸಿ ಜೋಡಿಸುತ್ತಿದ್ದೆ. ಹಿಂದಿನ ಅಂಗಳದಲ್ಲಿ ಗಾಡಿ ಸ್ಟಾರ್ಟ್ ಆದ ಸದ್ದು. ಬಾಗಿಲ ಸಂದಿಯಿಂದ ನೋಡಿದೆ. ಅಣ್ಣ. ಮೊಳೆಯಿಂದ ಕೀಲಿಕೈ ತಂದಿದ್ದಾನೆ.

ಅಂಗಳ ಚಿಕ್ಕದು, ಅಷ್ಟು ಉದ್ದದ ಗಾಡಿಯನ್ನು ಅಲ್ಲಿ ಸುತ್ತಿಸುವುದು ನನ್ನ ಕೈಯಲ್ಲಿ ಆಗದು. ಅವನು ಸುತ್ತಿಸಿದ. ಮುಂದೆ, ಹಿಂದೆ, ಮುಂದೆ, ಗೋಡೆಗೆ ಒಂದು ಗೇಣು ಬಿಟ್ಟು. ಪೂರ್ತಿ ಒಂದು ಸುತ್ತು. ಬಲಗೈಯನ್ನು ಕಿಟಕಿಯ ಮೇಲೆ ಇಟ್ಟುಕೊಂಡು ಎಡಗೈ ಒಂದರಲ್ಲೇ. ಆಮೇಲೆ ಹೊರಗೆ ರಸ್ತೆಗೆ ಹೋಗುತ್ತಾನೆ ಎಂದುಕೊಂಡು ನಾನು ಗೇಟು ತೆರೆಯಲು ಹೊರಟೆ. ಅಷ್ಟರಲ್ಲಿ ಗಾಡಿಯನ್ನು ಮೊದಲಿದ್ದ ಜಾಗದಲ್ಲೇ, ನೆಲದ ಮೇಲಿನ ಎಣ್ಣೆಯ ಕಲೆಗೆ ಸರಿಯಾಗಿ ನಿಲ್ಲಿಸಿ ಇಳಿದು ಹೋದ.

ಸಂಜೆ ಅತ್ತಿಗೆ ಮಹಡಿಗೆ ಬಂದರು. ಅವರು ಮಹಡಿ ಹತ್ತುವುದು ಅಪರೂಪ.

"ಇಟ್ಟಿಗೆಯವರಿಗೆ ಬೇಡ ಅಂತ ಹೇಳಲಾ ಅತ್ತಿಗೆ? ನೋಡಿದ್ರಲ್ಲ, ಅಣ್ಣ ಇವತ್ತು—"

"ನಾನೂ ಅದನ್ನೇ ಕೇಳ್ದೆ. ಬೇಡವಂತೆ, ಗಾಡಿ ಕೊಟ್ಟುಬಿಡೋದಂತೆ." ಮಂಚದ ಅಂಚಿನಲ್ಲಿ ಕೂತರು. "'ಏಳು ತಿಂಗಳು ಕೂತು ಮುದುಕನಾಗೋದು ಕಲಿತೆ ಕಣೇ. ಕಷ್ಟಪಟ್ಟು ಕಲಿತೆ. ಈಗ ಮರೆತು ಹೋದ್ರೆ, ಇನ್ನೈದು ವರ್ಷಕ್ಕೆ ನಿಜವಾಗ್ಲೂ ಕೈ ಹೋದಾಗ ಮತ್ತೆ ಮೊದಲಿಂದ ಕಲೀಬೇಕು. ಎರಡು ಸಲ ನನ್ನ ಕೈಲಾಗಲ್ಲ' ಅಂದ್ರು."

ಕಿಟಕಿಯಿಂದ ಯಾರದೋ ಮನೆಯ ರೇಡಿಯೊ ಕೇಳುತ್ತಿತ್ತು.

"ನಾನೂ ಸೇರಿದೀನಿ ಬಿಡು ಇದರಲ್ಲಿ," ಎಂದರು ಅತ್ತಿಗೆ. "ಮಳೆಗಾಲದಿಂದ ಇವರ ಶರ್ಟಿನ ಗುಂಡಿ ನಾನೇ ಹಾಕ್ತಾ ಇದೀನಿ. ಹಾಕ್ಕೊಳ್ಳೋಕೆ ಬರುತ್ತಾ ಅಂತ ಒಂದು ದಿನಾನೂ ಕೇಳಲಿಲ್ಲ. ಇವರೂ ಬೇಡ ಅನ್ನಲಿಲ್ಲ."

"ನನ್ನ ಮೇಲೆ ಸಿಟ್ಟಿದೆಯಾ?"

"ಸಿಟ್ಟಾದ್ರೆ ಬೈತಿದ್ರಲ್ಲಪ್ಪ." ಎದ್ದು ಬಾಗಿಲವರೆಗೆ ಹೋದವರು ತಿರುಗಿ, "ನೀನು ನಿನ್ನೆ ರಾತ್ರಿ ಉಂಡಿಲ್ಲ. ಕೆಳಗೆ ಬಾ" ಎಂದರು.

ಮಾರ್ಚ್ 1, ಶನಿವಾರ

ಇಟ್ಟಿಗೆ ಗೂಡಿನ ಯಜಮಾನ ಡ್ರೈವರ್ ಜೊತೆ ಬಂದ. ಡ್ರೈವರ್ ನಲವತ್ತರ ಗಟ್ಟಿ ಆಳು. ಹತ್ತಿ ಕೂತು ಸ್ಟೀರಿಂಗ್ ಆಡಿಸಿ, "ಬೆಣ್ಣೆ ಇದ್ದಂಗಿದೆ ಯಜಮಾನ್ರೇ" ಎಂದ.

ಅಣ್ಣ ಗೇಟಿನ ಹತ್ತಿರ ನಿಂತಿದ್ದ. ಶರ್ಟಿನ ಗುಂಡಿಗಳು ಒಂದು ಮನೆ ತಪ್ಪಿ ಮೇಲೆ ಕೆಳಗಾಗಿದ್ದವು. ಗ್ರೀಸ್ ಗನ್ನನ್ನು ಒರೆಸಿ ಸ್ವಚ್ಛ ಮಾಡಿ ತಂದು ಡ್ರೈವರ್ ಕೈಗೆ ಕೊಟ್ಟ.

"ವಾರಕ್ಕೊಂದ್ಸಲ. ಎಡಗಡೆ ಮೇಲಿಂದು ಗ್ರೀಸ್ ತಗೊಳ್ಳಲಿಲ್ಲ ಅಂದ್ರೆ ಗಾಡಿನ ಅವತ್ತೇ ಇಲ್ಲಿಗೆ ತಗೊಂಡು ಬಾ. ಇವನು ಮಲಗಿರ್ತಾನೆ, ಎಬ್ಬಿಸಿ ತೋರಿಸು."

ಡ್ರೈವರ್ ನಕ್ಕ. ಯಜಮಾನನೂ ನಕ್ಕ. ಅಣ್ಣ ನನ್ನ ಕಡೆ ನೋಡಲಿಲ್ಲ.

ಗಾಡಿ ಹೋದ ಮೇಲೆ ಅಂಗಳ ದೊಡ್ಡದಾಗಿ ಕಾಣುತ್ತಿದೆ. ಎಣ್ಣೆಯ ಕಲೆಯ ಮೇಲೆ ಮರದ ಪುಡಿ ಚೆಲ್ಲಿ ಗುಡಿಸಿದೆ. ಪೂರ್ತಿ ಹೋಗಲಿಲ್ಲ.

ಮಾರ್ಚ್ 5, ಬುಧವಾರ

ಇಂದು ಒಂದು ಗಾಡಿ ಬಂದಿತ್ತು, ಬ್ರೇಕ್ ಕೆಲಸ. ಪಾಯಿಂಟಿನ ಪರಿಚಯದ ಇನ್ನೊಂದು ಗ್ಯಾರೇಜಿಗೆ ಕಳಿಸಿದೆ. ಮಾಡಬಹುದಿತ್ತು. ಬೆನ್ನು ಸ್ವಲ್ಪ ಸರಿಯಿಲ್ಲ.

ಅಣ್ಣ ಊಟಕ್ಕೆ ಮೇಜಿಗೆ ಬರುತ್ತಿದ್ದಾನೆ. ಮಾತಿಲ್ಲ. ಉಪ್ಪು ಬೇಕಾದರೆ ಅತ್ತಿಗೆಯನ್ನು ಕೇಳುತ್ತಾನೆ, ಉಪ್ಪು ನನ್ನ ಪಕ್ಕದಲ್ಲೇ ಇರುತ್ತದೆ.

ಮಾರ್ಚ್ 9, ಭಾನುವಾರ

ಬರೆಯುವಂಥದ್ದು ವಿಶೇಷವೇನಿಲ್ಲ. ಗ್ಯಾರೇಜು ತೆರೆದಿಲ್ಲ.

ಬೆಳಿಗ್ಗೆ ಕೆಳಗಿಳಿದಾಗ ಅಣ್ಣ ಮೇಜಿನಲ್ಲಿದ್ದ. ಅತ್ತಿಗೆ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದರು. ನಾನು ಎದುರಿಗೆ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅವನು ಜೇನಿನ ಬಾಟಲಿಯನ್ನು ನನ್ನ ಕಡೆ ನೂಕಿದ.

"ತೆಗಿ," ಎಂದ. ಹದಿನೆಂಟನೇ ತಾರೀಕಿನಿಂದ ನನ್ನೊಡನೆ ಆಡಿದ ಮೊದಲ ಮಾತು.

ಈಚೆಗೆ ಬೆಳಗಿನ ಹೊತ್ತು ನನ್ನ ಹಿಡಿತ ಅಷ್ಟಕ್ಕಷ್ಟೆ. ಎರಡೂ ಕೈ ಹಾಕಿ ಬಲವಾಗಿ ತಿರುಗಿಸಲು ಹೋದೆ. ಮುಚ್ಚಳ ಬಿಗಿಯಿರಲಿಲ್ಲ, ಮುಟ್ಟುತ್ತಲೇ ಕೈಗೆ ಬಂತು. ಬಾಟಲಿಯನ್ನು ಅವನ ಕಡೆ ಸರಿಸಿದೆ. ಅವನ ಲೋಟದ ನೀರು ಆಗಲೇ ಜೇನಿನ ಬಣ್ಣಕ್ಕೆ ತಿರುಗಿತ್ತು.